ಒಲೆಯ ಮುಂದಿನ ಮೋಟುಗೋಡೆ

ಅಕ್ಕ ಮಗುವನ್ನು ಕರೆದುಕೊಂಡು ಬಂದು ಒಂದು ತಿಂಗಳು ನಮ್ಮ ಮನೆಯಲ್ಲಿರಬೇಕು ಎನ್ನುವುದು ಆ ವರ್ಷ ನನಗಿದ್ದ ಒಂದೇ ಆಸೆ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಮೂವತ್ತು ಚೌಕ ಗೀಚಿಟ್ಟಿದ್ದೆ, ದಿನಕ್ಕೊಂದು ತುಂಬಲು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹದಿನೇಳು ವರ್ಷ. ಅಮ್ಮ ತೀರಿಕೊಂಡ ಮೇಲೆ ಊರಿಗಾಂನ ಚಿನ್ನದ ಗಣಿ ಕೂಲಿಗಳ ಸಾಲುಮನೆಯಲ್ಲಿ, ಅಂದರೆ ಲೈನಿನಲ್ಲಿ, ಉಳಿದವರು ನಾನು ಮತ್ತು ಗಣಿಗೆ ಇಳಿಯುತ್ತಿದ್ದ ಅಪ್ಪ. ಅಕ್ಕನನ್ನು ಬೂದಿಕೋಟೆಗೆ ಕೊಟ್ಟಿತ್ತು. ಬಾಣಂತನ ಮಾಡಲು ಅಮ್ಮ ಇಲ್ಲದ್ದರಿಂದ ಚೊಚ್ಚಲ ಹೆರಿಗೆಯೂ ಅಲ್ಲೇ ಆಯಿತು. ಮಗುವಿಗೆ ಹದಿಮೂರು ತಿಂಗಳಾಗುವಷ್ಟರಲ್ಲಿ ನಾನು ಅವಳನ್ನು ನೋಡಿದ್ದು ಐದು ಸಲ. ಅಕ್ಕನ ಮನೆಯವರು ಬಂಗಾರಪೇಟೆ ಸಂತೆಗೆ ಬಂದಾಗ ನಾನು ರೈಲು ಹತ್ತಿ ಹೋಗುತ್ತಿದ್ದೆ. ಐದೂ ಸಲದ್ದು ಕೂಡಿಸಿದರೆ ಹತ್ತು ಗಂಟೆಯೂ ಆಗುತ್ತಿರಲಿಲ್ಲ, ಕೂಡಿಸಿ ನೋಡಿದ್ದೇನೆ.

ಐದನೆಯ ಸಲ, ಇಬ್ಬರನ್ನೂ ಒಂದು ತಿಂಗಳು ಕಳಿಸಿಕೊಡಿ ಎಂದು ಅಕ್ಕನ ಅತ್ತೆಯನ್ನು ಕೇಳಿಯೇಬಿಟ್ಟೆ.

"ಒಂದೇ ಕೋಣೆ, ನೆಲದ ಮೇಲೆ ಒಲೆ," ಅಂದರು ಅವರು. "ತೆವಳೋ ಕೂಸನ್ನ ಎಲ್ಲಿ ಬಿಡ್ತೀಯಮ್ಮ? ಒಲೇಲಾ, ನೀರಿನ ಡ್ರಮ್ನಲ್ಲಾ?"

"ಎಲ್ಲಾ ಸರಿ ಮಾಡ್ತೀನಿ ಅತ್ತೆ."

"ಮಾಡು. ಯುಗಾದಿ ಕಳೀಲಿ, ನಾನೇ ಜೊತೇಲಿ ಬತ್ತೀನಿ. ನಾಕು ದಿನ ಇದ್ದು ನೋಡ್ತೀನಿ. ಮನಸ್ಸಿಗೆ ಬಂದ್ರೆ ಬಿಟ್ಟೋಗ್ತೀನಿ."

ಆ ಶನಿವಾರ ಮಧ್ಯಾಹ್ನ ಮಂಡಿಯೂರಿ, ಅಂಗೈ ಊರಿ, ಮನೆಯೆಲ್ಲ ತೆವಳಿದೆ. ಮಗುವಿನ ಕಣ್ಣಿಗೆ ಏನೇನು ಕಾಣುತ್ತದೆ, ಕೈಗೆ ಏನೇನು ಸಿಗುತ್ತದೆ ಎಂದು ಒಂದೊಂದನ್ನೇ ಬರೆದುಕೊಂಡೆ. ಪಾಳಿ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತರು.

"ಏನಮ್ಮಾ, ಸೂಜಿ ಬಿದ್ದೋಯ್ತಾ?"

"ಇಲ್ಲಪ್ಪ. ನಾನೀಗ ಮಗು."

"ಅಂಗಾದ್ರೆ ಇವತ್ತು ಮುದ್ದೆ ಯಾರು ತಿರುವೋದು? ನಾನಾ?"

ಪಟ್ಟಿ ಇಪ್ಪತ್ತಮೂರಕ್ಕೆ ನಿಂತಿತು. ಮನೆಯ ಗೋಡೆ ಬಿದಿರು ತಟ್ಟಿಯದು. ಸಿಬಿರು ಚುಚ್ಚದಂತೆ ಅಮ್ಮನ ಹಳೆಯ ಸೀರೆಯನ್ನು ಸೊಂಟದೆತ್ತರದವರೆಗೆ ಹೊಲಿದೆ. ಡ್ರಮ್ಮಿಗೆ ಹಲಗೆ ಮುಚ್ಚಿ ಕಲ್ಲು ಹೇರಿದೆ. ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕದಂತೆ ಬಟ್ಟೆ ತುರುಕಿದೆ. ರುಬ್ಬುವ ಗುಂಡು ಜಗುಲಿಗೆ ಹೋಯಿತು. ಒಲೆಯ ಸುತ್ತ ಅಪ್ಪನೇ ಇಟ್ಟಿಗೆ ಜೋಡಿಸಿ, ಕೆಮ್ಮಣ್ಣು ಮೆತ್ತಿ, ಒಂದು ಮೊಳ ಎತ್ತರದ ಮೋಟುಗೋಡೆ ಕಟ್ಟಿಕೊಟ್ಟರು. ಕೊನೆಗೆ ತಟ್ಟಿಯ ಕಂಬಗಳಿಗೆ, ನನ್ನ ತಲೆಗಿಂತ ಮೇಲೆ, ಒಂದು ಹಲಗೆ ಹೊಡೆದರು. ಸೀಮೆಎಣ್ಣೆ ಬಾಟಲಿ, ಈಳಿಗೆಮಣೆ, ಅಪ್ಪನ ಗಣಿದೀಪದ ಕಾರ್ಬೈಡ್ ಡಬ್ಬಿ ಎಲ್ಲ ಅದರ ಮೇಲೆ ಹೋದವು. ಅಪ್ಪ ಕೆಲಸಕ್ಕೆ ಹೋದ ಮೇಲೆ ಅಮ್ಮನ ಹಿತ್ತಾಳೆ ಕೊಳಗವನ್ನೂ ಅಲ್ಲಿಗೇ ಎತ್ತಿಟ್ಟೆ. ಮಗು ಅದನ್ನು ಕಾಲ ಮೇಲೆ ಉರುಳಿಸಿಕೊಂಡರೆ ಎಂಬ ಭಯ.

ಭಾರದ ಪಾತ್ರೆಯನ್ನು ನಮ್ಮ ಲೈನಿನಲ್ಲಿ ಯಾರೂ ಮೇಲೆ ಇಡುತ್ತಿರಲಿಲ್ಲ. ಗಣಿಯ ಆಳದಲ್ಲಿ ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಮನೆಗಳು ಅದುರುತ್ತವೆ. ಅದಕ್ಕೆ ನಾವು 'ಬರ್ಸ್ಟ್' ಅನ್ನುತ್ತಿದ್ದೆವು. ಕೊಳಗ, ಹಂಡೆ, ಕಲ್ಲು ಎಲ್ಲ ನೆಲದ ಮೇಲೆಯೇ ಇರಬೇಕು ಎಂದು ಅಮ್ಮ ನಾನು ನಡೆಯುವ ಮೊದಲೇ ಕಲಿಸಿದ್ದಳು. ಪ್ರತಿ ಬರ್ಸ್ಟಿಗೂ ನೋಟ್‌ಬುಕ್ಕಿನಲ್ಲಿ ಗೀಟು ಹಾಕಿಡುತ್ತಿದ್ದವಳೂ ನಾನೇ. ಆದರೆ ಆ ವಾರ ಪೂರ್ತಿ ನೆಲದ ಮೇಲಿಂದಲೇ ಮನೆ ನೋಡುತ್ತಿದ್ದೆನಲ್ಲ, ಮೇಲಿಂದ ಬೀಳುವುದು ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ.

ಯುಗಾದಿ ಕಳೆದು ಎರಡನೆಯ ಸೋಮವಾರ ಮೂವರೂ ಬಂದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಮೂಲೆಮೂಲೆಗೂ ಕೈಯಾಡಿಸಿದರು. ಬಾಗಿಲ ಸಂದಿಯ ಬಟ್ಟೆಯನ್ನು ಎಳೆದು ನೋಡಿ, ಮತ್ತೆ ತುರುಕಿದರು.

"ಪರ್ವಾಗಿಲ್ವೇ ನಿನ್ ತಂಗಿ," ಅಂದರು ಅಕ್ಕನಿಗೆ. "ನಿಂಗೆ ಈ ಬುದ್ಧಿ ಎಲ್ಲೋಗಿತ್ತು?"

"ಬುದ್ಧಿಯೆಲ್ಲ ಅವ್ಳು ಬರ್ಕೊಂಬಿಟ್ಳು, ನಂಗೇನೂ ಉಳೀಲಿಲ್ಲ ಅತ್ತೆ," ಅಂದಳು ಅಕ್ಕ.

ಮಗು ಅದುವರೆಗೂ ತೆವಳುತ್ತಿದ್ದಳು ಅಷ್ಟೆ. ಮೋಟುಗೋಡೆ ಅವಳ ಎದೆಮಟ್ಟಕ್ಕೆ ಸರಿಯಾಗಿತ್ತು. ತಡೆಯಲು ಕಟ್ಟಿದ್ದನ್ನೇ ಹಿಡಿದು ಎದ್ದು ನಿಂತಳು. ಸೋಮವಾರ, ಗೋಡೆ ಹಿಡಿದು ನಾಲ್ಕು ಹೆಜ್ಜೆ. ಮಂಗಳವಾರ ಒಂಬತ್ತು. ಎರಡು ಚೌಕ ತುಂಬಿದವು.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ ಹಲಗೆಯ ಕೆಳಗೆ ಚಾಪೆ ಹಾಸಿ ಅವಳನ್ನು ಮಲಗಿಸಿದ್ದೆವು. ಎಚ್ಚರವಾದದ್ದೇ ತೆವಳಿಕೊಂಡು ಗೋಡೆಗೆ ಹೋಗಿ ನಿಂತಳು. ನಾನು ಎಣಿಸತೊಡಗಿದೆ. ಏಳಕ್ಕೆ ಬಂದಾಗ ನೆಲದೊಳಗಿನಿಂದ ಯಾರೋ ಗುದ್ದಿದ ಹಾಗಾಯಿತು. ಹಲಗೆ ಅದುರಿ ಕೊಳಗ ಚಾಪೆಯ ಮೇಲೆ ಬಿತ್ತು, ಅವಳ ತಲೆಯ ಗುರುತು ಇನ್ನೂ ಇದ್ದ ದಿಂಬಿಗೇ.

ಲೈನಿನ ಹೆಂಗಸರೆಲ್ಲ ಗಣಿ ಬಾಯಿಯ ಕಡೆ ಓಡುತ್ತಿದ್ದರು. ಅಪ್ಪ ಕೆಳಗಿದ್ದರು. ಅಕ್ಕನೂ ನಾನೂ ಚಪ್ಪಲಿಯಿಲ್ಲದೆ ಓಡಿದೆವು. ಯಾರಿಗೂ ಏನೂ ಆಗಿಲ್ಲ ಎಂದು ತಿಳಿದು ವಾಪಸು ಬಂದಾಗ ಅತ್ತೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಜಗುಲಿಯ ಮೇಲೆ ಕೂತಿದ್ದರು. ಬೈಯಲಿಲ್ಲ.

"ನಾವೂ ಮೇಲೇನೇ ಇಡ್ತೀವಿ," ಅಂದರು. "ನಮ್ಮೂರಲ್ಲಿ ಬೀಳಲ್ಲ, ಅಷ್ಟೇ." ಮಗುವನ್ನು ಮಡಿಲಿಗೆ ಸರಿಸಿಕೊಂಡು, "ಇಂಗೆ ಎಷ್ಟು ಸಲ ಆಗ್ತದೆ? ಬರ್ದಿಟ್ಟಿರ್ತೀಯಲ್ಲ, ಓದು."

ನೋಟ್‌ಬುಕ್ ತಂದೆ. ದೊಡ್ಡ ಬರ್ಸ್ಟಿಗೆ ಒಂದು ಸಾಲು, ಸಣ್ಣದಕ್ಕೆ ಇನ್ನೊಂದು. ಯುಗಾದಿಯಿಂದೀಚೆಗೆ ದೊಡ್ಡದು ಇವತ್ತಿನದೊಂದೇ. ಸಣ್ಣವು ಆರು. ಅತ್ತೆಗೆ ಓದು ಬರುತ್ತಿರಲಿಲ್ಲ. ಒಂದೇ ಎಂದಿದ್ದರೆ ಸುಳ್ಳೂ ಆಗುತ್ತಿರಲಿಲ್ಲ. ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಏಳು," ಅಂದೆ.

ಅತ್ತೆ ತಲೆಯಾಡಿಸಿದರು. "ಒಂದು ಅಂದಿದ್ರೆ ಬಿಟ್ಟೋಗ್ತಿದ್ದೆ ಕಣಮ್ಮ. ನೀನೇ ಬಾ ನಮ್ಮೂರ್ಗೆ, ಎಷ್ಟು ದಿನ ಬೇಕಾದ್ರೂ ಇರು."

ಹೋಗುವುದು ಹೇಗೆ? ಅಪ್ಪನ ಪಾಳಿ ವಾರವಾರವೂ ಬದಲಾಗುತ್ತಿತ್ತು. ಬುತ್ತಿ ಕಟ್ಟಲು ಬೇರೆ ಯಾರೂ ಇರಲಿಲ್ಲ. ಸಂಜೆ ಬಂದ ಅಪ್ಪ ನಗ್ಗಿದ ಕೊಳಗವನ್ನು ತಿರುಗಿಸಿ ತಿರುಗಿಸಿ ನೋಡಿ, "ಅಲಗೆ ಬಡ್ದೋನು ನಾನು. ತಪ್ಪು ನಂದೇ," ಅಂದರು.

ಗುರುವಾರ ಬೆಳಗಿನ ರೈಲಿಗೆ ಅವರನ್ನು ಹತ್ತಿಸಿದೆ. ಅಕ್ಕ ಕಿಟಕಿಯಿಂದ ಕೈ ಚಾಚಿ ನನ್ನ ಜಡೆಯ ತುದಿಯನ್ನು ಒಮ್ಮೆ ಹಿಡಿದು ಬಿಟ್ಟಳು.

ಮನೆಗೆ ಬಂದು ಹಲಗೆ ಕೀಳಿಸಿ, ಕೊಳಗವನ್ನು ನೆಲಕ್ಕಿಟ್ಟೆ. ಒಂದೊಂದಾಗಿ ಎಲ್ಲವೂ ಹಳೆಯ ಜಾಗಕ್ಕೆ ಬಂದವು. ಒಲೆಯ ಮುಂದೆ ನಿಂತು ಕೇಳಿದೆ, "ಗೋಡೆ ಒಡೀಲೇನಪ್ಪಾ?"

"ಇರ್ಲಿ ಬಿಡು. ಯಾವಾಗ ಬತ್ತಾರೋ."

ಇಪ್ಪತ್ತು ದಿನದ ಮೇಲೆ ಅಕ್ಕನಿಂದ ಕಾರ್ಡು ಬಂತು. ಮಗು ಕೈಬಿಟ್ಟು ನಡೆದಳಂತೆ, ಮನೆಬಾಗಿಲಿನಿಂದ ತುಳಸಿಕಟ್ಟೆಯವರೆಗೆ. ಕಾರ್ಡನ್ನು ತಿರುಗಿಸಿ ನೋಡಿದೆ, ಅಂಚಿನಲ್ಲೂ ನೋಡಿದೆ. ಎಷ್ಟು ಹೆಜ್ಜೆ ಎಂದು ಅಕ್ಕ ಬರೆದಿರಲಿಲ್ಲ.

ಆ ಮೇಲೆ ಆರು ವರ್ಷ ಕಳೆದಿವೆ. ಈಗಲೂ ಒಲೆ ಹೊತ್ತಿಸಲು ಆ ಮೋಟುಗೋಡೆಯನ್ನು ದಾಟಿಯೇ ಹೋಗುತ್ತೇನೆ. ಯುಗಾದಿಗೊಮ್ಮೆ ಅದಕ್ಕೆ ಕೆಮ್ಮಣ್ಣು ಸಾರಿಸುತ್ತೇನೆ.