ಮಾರ್ಮನ್ ಹುಡುಗನ ಮಡಿ

ಅಮೆರಿಕದಿಂದ ಧರ್ಮಪ್ರಚಾರಕ್ಕೆ ಬಂದಿದ್ದ, ಮಾರ್ಮನ್ ಎಂಬ ಕ್ರೈಸ್ತ ಪಂಥದ ಹುಡುಗನೊಬ್ಬನಿಗೆ ನಾನು ಅರಸೀಕೆರೆಯಲ್ಲಿ ಒಂದು ವಾರ ದುಭಾಷಿಯಾಗಿದ್ದೆ. ಭಾನುವಾರದೊಳಗೆ ಒಬ್ಬರಾದರೂ ನಂಬದಿದ್ದರೆ ಮೇಲಿನವರಿಗೆ ಮುಖ ತೋರಿಸುವುದು ಹೇಗೆಂದು ಪಾಪ ಒದ್ದಾಡುತ್ತಿದ್ದ.

ಸೋಮವಾರ ಜೋಯಿಸರ ಮನೆಯಲ್ಲಿ ಕಾಫಿ ಕೊಟ್ಟರು. ಅವನ ಧರ್ಮದಲ್ಲಿ ಕಾಫಿ ನಿಷಿದ್ಧ, ಬೇಡವೆಂದ.

ಜೋಯಿಸರ ಮುಖ ಕೆಂಪಾಯಿತು. "ಯಾಕಂತೆ? ನಮ್ಮನೆ ಲೋಟ ಅವನಿಗೆ ಮೈಲಿಗೆಯೇನ್ರೀ?"

"ಹೌದು ಸ್ವಾಮಿ, ಭಾರೀ ಮಡಿ. ಕಂಡಕಂಡವರ ಮನೇಲಿ ತೊಟ್ಟು ನೀರೂ ಮುಟ್ಟಲ್ಲ," ಎಂದೆ.

ನಮ್ಮೂರಿನ ಬುದ್ಧಿ ನೋಡಿ, ಕೋಪ ಬರುವ ಬದಲು ಭಕ್ತಿ ಬಂತು! ಭಾನುವಾರ ನಲವತ್ತು ಜನ, ಐವತ್ತೇ ಇರಲಿ, ತೆಂಗಿನಕಾಯಿ ಹಿಡಿದು ಬಂದು ಅವನ ಕಾಲಿಗೆ ಬಿದ್ದರು. ಊರಿಗೆಲ್ಲ ಜಾತಕ ನೋಡುವ ಜೋಯಿಸರೇ, "ನನ್ನ ಮಗಳ ಮದುವೆ ಯಾವಾಗ ಅಂತ ಕೇಳ್ರೀ," ಎಂದರು.

ಹುಡುಗನ ಕಣ್ಣಲ್ಲಿ ನೀರು. "ಇವರೆಲ್ಲ ನಿಜವಾಗಿಯೂ ನಂಬಿದರಾ?"

"ಪೂರ್ತಿ ನಂಬಿದರು," ಎಂದೆ. ಇಡೀ ವಾರದಲ್ಲಿ ನಾನು ಅವನಿಗೆ ಹೇಳಿದ ನಿಜ ಅದೊಂದೇ.