ಒಬ್ಬಳೇ ಹೊರಟ ಗೌರಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ಇದ್ದದ್ದು ಒಂದು ಕೋಟೆಯೊಳಗೆ. ಹೀಗೆಂದ ಕೂಡಲೇ, ಮೊಮ್ಮಕ್ಕಳೇ, ನೀವಿಬ್ಬರೂ ನಾನು ರಾಜಕುಮಾರಿಯಾಗಿದ್ದೆ ಎಂದುಕೊಳ್ಳಬೇಡಿ. ಜೈಸಲ್ಮೇರ್ ಎಂಬ ಮರಳುಗಾಡಿನ ಊರಿನಲ್ಲಿ ಕೋಟೆಯೆಂದರೆ ಜನ ಬಾಡಿಗೆಗೆ ಇರುವ ಜಾಗ. ಅಲ್ಲಿ ದರ್ಜಿ ಇದ್ದ, ಹಾಲಿನವನಿದ್ದ, ಓಣಿಗೆ ಅಡ್ಡಲಾಗಿ ಮಲಗಿದ ಹಸುಗಳಿದ್ದವು. ಶಾಲೆಯವರು ನಿಮ್ಮನ್ನು ಕರೆದೊಯ್ದ ಲಂಡನ್ನಿನ ಕೋಟೆಯಲ್ಲಿ ಸಂಜೆಯಾದರೆ ಎಲ್ಲರನ್ನೂ ಹೊರಗೆ ಕಳಿಸುತ್ತಾರೆ. ನಮ್ಮ ಕೋಟೆಯಲ್ಲಿ ಸಂಜೆಯಾದರೆ ಒಳಗೆ ಬನ್ನಿ ಎಂದು ಕೂಗುತ್ತಿದ್ದರು.

ಅಪ್ಪನಿಗೆ ಹವಾಮಾನ ಕಚೇರಿಯಲ್ಲಿ ಕೆಲಸ. ಮೈಸೂರಿನ ಕಡೆಯಿಂದ ವರ್ಗವಾಗಿ ಬಂದಿದ್ದರು. ದಿನಾ ಬೆಳಿಗ್ಗೆ ಮಳೆ ಅಳೆಯುವ ಡಬ್ಬಿಯೊಳಗೆ ಬಗ್ಗಿ ನೋಡಿ, ಏನೂ ಇಲ್ಲ ಎಂದು ಬರೆದು ಬರುತ್ತಿದ್ದರು. ಇಷ್ಟು ಬರೆಯುವುದಕ್ಕೆ ಅಷ್ಟು ದೂರದಿಂದ ಒಬ್ಬರನ್ನು ಕರೆಸಬೇಕಿತ್ತೇ ಎಂದು ಅಮ್ಮ ಕೇಳುತ್ತಿದ್ದಳು. ಅಮ್ಮನಿಗೆ ಅಲ್ಲಿಯ ಭಾಷೆ ಬರುತ್ತಿರಲಿಲ್ಲ. ಎಂಟು ವರ್ಷದ ನಾನು ಅದನ್ನು ಬೀದಿಯಲ್ಲಿ ಆಡುತ್ತಾ ಕಲಿತಿದ್ದೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದರಿಂದ ಹಿಡಿದು ನೆರೆಯವರ ಕ್ಷೇಮ ಕೇಳುವವರೆಗೆ ಅಮ್ಮನ ಬಾಯಿ ನಾನೇ ಆಗಿದ್ದೆ. ಅದರಿಂದ ನನಗೆ ತುಸು ಕೊಬ್ಬೂ ಬಂದಿತ್ತು.

ಊರೆಲ್ಲ ಒಂದೇ ಹಳದಿ ಕಲ್ಲಿನದು. ಮಧ್ಯಾಹ್ನ ಆ ಕಲ್ಲು ಕಣ್ಣು ಕುಕ್ಕುತ್ತಿತ್ತು, ಸಂಜೆಯ ಹೊತ್ತಿಗೆ ಬೆಲ್ಲದ ಬಣ್ಣಕ್ಕೆ ತಿರುಗುತ್ತಿತ್ತು. ಕೋಟೆಯ ಗೋಡೆಯ ಮೇಲೆ ದುಂಡನೆಯ ದೊಡ್ಡ ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಹಿಂದಿನ ಕಾಲದಲ್ಲಿ ಶತ್ರುಗಳ ತಲೆಯ ಮೇಲೆ ಉರುಳಿಸಲು ಅವು. ನಾವು ಅವಕ್ಕೆ ಒರಗಿ ಕೂತು, ಕೆಳಗೆ ಸಾಹುಕಾರರ ಹಳೆಯ ಮಹಲುಗಳನ್ನೂ ಅವುಗಳ ಕಸೂತಿಯಂಥ ಕಲ್ಲಿನ ಕಿಟಕಿಗಳನ್ನೂ ನೋಡುತ್ತಾ ಹುರಿಗಡಲೆ ತಿನ್ನುತ್ತಿದ್ದೆವು. ಬಾಯಿಗೆ ಕಡಲೆಯಷ್ಟೇ ಮರಳೂ ಹೋಗುತ್ತಿತ್ತು.

ಅಲ್ಲಿಯ ದೊಡ್ಡ ಹಬ್ಬ ಗಣಗೌರ್. ಗಣಗೌರ್ ಎಂದರೆ ನಮ್ಮ ಗೌರಿಯೇ. ಹೋಳಿಯ ಮರುದಿನದಿಂದ ಹುಡುಗಿಯರು ಹದಿನಾರು ದಿನ ಪೂಜೆ ಮಾಡುತ್ತಿದ್ದರು. ಹೋಳಿಯ ಬೂದಿ ಬೆರೆಸಿದ ಮಣ್ಣಿನಲ್ಲಿ ಗೌರಿಯನ್ನು ಮಾಡಿ, ಕುಂಡದಲ್ಲಿ ಬಾರ್ಲಿ ಬಿತ್ತಿ, ಅದು ಮೊಳೆತು ಹಸಿರಾಗುವುದನ್ನು ಕಾಯುತ್ತಿದ್ದರು. ಆ ಊರಿನಲ್ಲಿ ಬೇರೆಲ್ಲೂ ಕಾಣದ ಹಸಿರು ಅದು. ಕಡೆಯ ದಿನ ಗೌರಿಯರನ್ನು ತಲೆಯ ಮೇಲೆ ಹೊತ್ತು, ಊರಾಚೆಯ ಗಡೀಸರ್ ಕೆರೆಗೆ ಮೆರವಣಿಗೆಯಲ್ಲಿ ಹೋಗಿ ಬಿಡಬೇಕು. ಅರಮನೆಯ ಗೌರಿಯೂ ಅಂದು ಹೊರಡುತ್ತಿದ್ದಳು, ಆದರೆ ಗಂಡನಿಲ್ಲದೆ. ಬಹಳ ಹಿಂದೆ ಇನ್ನೊಂದು ರಾಜ್ಯದವರು ಅವಳ ಈಶ್ವರನ ಮೂರ್ತಿಯನ್ನು ಹೊತ್ತೊಯ್ದರಂತೆ. ಅಂದಿನಿಂದ ಅವಳು ಒಬ್ಬಳೇ ಎಂದು ಊರಿನವರು ಹೇಳುತ್ತಿದ್ದರು.

ನಮ್ಮ ಎದುರುಮನೆಯಲ್ಲಿ ಒಬ್ಬ ಅಕ್ಕ ಇದ್ದಳು. ಹಿಂದಿನ ವರ್ಷ ಮದುವೆಯಾಗಿ ದೂರದ ಊರಿಗೆ ಹೋಗಿದ್ದಳು. ಮದುವೆಯಾದ ಮೊದಲ ಗಣಗೌರ್ ಅನ್ನು ತೌರಿನಲ್ಲಿ ಮಾಡುವುದು ಅಲ್ಲಿಯ ಪದ್ಧತಿ, ಹಾಗಾಗಿ ಬಂದಿದ್ದಳು. ಓಣಿಯ ಗೌರಿಯನ್ನು ತಿದ್ದಿ ಮಾಡಿದವಳು, ಕಣ್ಣು ಬರೆದವಳು, ನಮಗೆಲ್ಲ ಹಾಡು ಕಲಿಸಿದವಳು ಅವಳೇ. ಗೌರಿಯನ್ನು ಕೆರೆಯವರೆಗೆ ಹೊರುವ ಹಕ್ಕೂ ಅವಳದೇ. ಹಬ್ಬದ ಹೊತ್ತಿಗೆ ಗಂಡ ಬಂದು ಕರೆದುಕೊಂಡು ಹೋಗಬೇಕಿತ್ತು. ಅವನು ಬರಲಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲು ಒಂದು ಕಾಗದ ಬಂತು. ಅವನು ಇನ್ನು ಬರುವುದೇ ಇಲ್ಲ ಎಂಬುದು ಅರ್ಧ ದಿನದಲ್ಲಿ ಓಣಿಗೆಲ್ಲ ಗೊತ್ತಾಯಿತು. ಅಕ್ಕ ಮಾತ್ರ ಎಂದಿನಂತೆ ಬಾರ್ಲಿಗೆ ನೀರು ಹಾಕಿದಳು.

ಹಬ್ಬದ ಬೆಳಿಗ್ಗೆ ನಮ್ಮ ಅಮ್ಮ ಎರಡು ಮೊರಗಳಿಗೆ ಅರಿಶಿನ ಬಳಿದು ಬಾಗಿನ ಸಿದ್ಧ ಮಾಡಿದಳು. ಬಳೆ, ಕನ್ನಡಿ, ಬಾಚಣಿಗೆ, ಬೆಲ್ಲ, ಬೇಳೆ. ಒಳ್ಳೆಯ ಅಕ್ಕಿ ಸಿಗದೆ ಸಜ್ಜೆ ತುಂಬಿದಳು. ತೆಂಗಿನಕಾಯಿಯ ಬದಲು ಒಣಕೊಬ್ಬರಿ ಇಟ್ಟಳು. ಮೊರದ ಬಾಗಿನ ಕೊಡುವುದು ಭಾದ್ರಪದದ ಗೌರಿಗೆ, ಇದು ಚೈತ್ರ, ಇದೆಂಥ ತಪ್ಪು ಎಂದು ಅಪ್ಪ ಪಂಚಾಂಗ ತಂದು ತೋರಿಸಿದರು. ಗೌರಿ ಯಾವ ತಿಂಗಳಲ್ಲಿ ಬಂದರೂ ಗೌರಿಯೇ ಎಂದು ಅಮ್ಮ ಮೊರ ಎತ್ತಿಕೊಂಡಳು. ಅಪ್ಪ ಮಳೆಯ ಡಬ್ಬಿ ನೋಡಲು ಹೊರಟುಹೋದರು.

ಅರಮನೆಯ ಮುಂದಿನ ಚೌಕಕ್ಕೆ ನಾವು ಹೋದಾಗ ನಗಾರಿ ಶುರುವಾಗಿತ್ತು. ಹೆಂಗಸರು ತಲೆಗೆ ಹೊದ್ದ ಕೆಂಪು, ಹಳದಿ ಓಢಣಿಗಳು, ಮೆಹಂದಿಯ ವಾಸನೆ, ತುಪ್ಪದಲ್ಲಿ ಕರಿದ ಸಿಹಿಯ ವಾಸನೆ. ಅಕ್ಕ ಗೌರಿಯನ್ನು ಹಿಡಿದು ಮುಂದೆ ನಿಂತಿದ್ದಳು. ಅವಳ ಅಜ್ಜಿಯನ್ನು ನಾವೆಲ್ಲ ದಾದಿ ಎನ್ನುತ್ತಿದ್ದೆವು. ಓಣಿಯಲ್ಲಿ ದಾದಿಯ ಮಾತೇ ಕೊನೆ. ದಾದಿ ಬಂದು ಮೊಮ್ಮಗಳ ಕೈಯಿಂದ ಗೌರಿಯನ್ನು ತೆಗೆದುಕೊಂಡು, ಗಂಡ ಬಿಟ್ಟವಳು ಹೊರುವಂತಿಲ್ಲ, ನೀನು ಮನೆಗೆ ನಡಿ ಎಂದು ಮೆಲ್ಲಗೆ ಹೇಳಿದಳು. ಬೈದು ಹೇಳಿದ್ದರೆ ಇಷ್ಟು ಕೆಟ್ಟದೆನಿಸುತ್ತಿರಲಿಲ್ಲವೇನೋ. ಅಕ್ಕ ಅಳಲಿಲ್ಲ. ಖಾಲಿಯಾದ ಕೈಗಳನ್ನು ಓಢಣಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

ನಡೆದದ್ದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಗುಂಪಿನ ನಡುವೆ ಹೋಗಿ, ಸೆರಗು ಮುಚ್ಚಿದ ಮೊರದ ಒಂದು ತುದಿಯನ್ನು ಅಕ್ಕನ ಕೈಗೆ ಹಿಡಿಸಿದಳು. ಇದೇನು, ಇವಳಿಗೇಕೆ ಎಂದು ದಾದಿ ನನ್ನನ್ನು ಕೇಳಿದಳು. ನಾನು ಅಮ್ಮನ ಮುಖ ನೋಡಿದೆ.

"ಇದು ಗೌರಿಗೆ ಅಂತ ಹೇಳು," ಎಂದಳು ಅಮ್ಮ. "ನಮ್ಕಡೆ ಗೌರಿ ಒಬ್ಳೇ ಬರೋದು. ತೌರಿಗೆ ಬಂದ ಮಗಳನ್ನ, ನಿನ್ ಗಂಡ ಎಲ್ಲಿ ಅಂತ ಯಾರೂ ಬಾಗ್ಲಲ್ಲಿ ನಿಲ್ಸಿ ಕೇಳಲ್ಲ."

ನಾನು ಅಷ್ಟನ್ನೂ ಒಪ್ಪಿಸಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಅಮ್ಮ ಹೇಳದ ಒಂದು ಮಾತನ್ನು ನಾನೇ ಸೇರಿಸಿದೆ: "ಅರಮನೆ ಗೌರಿನೂ ಒಬ್ಬಳೇ ತಾನೇ ಹೋಗೋದು? ಅವಳಿಗ್ಯಾಕೆ ಮನೇಲಿರು ಅನ್ನಲ್ಲ?"

ದಾದಿ ನನ್ನನ್ನೇ ನೋಡಿದಳು. ನಾನು ಅಮ್ಮನ ಸೀರೆಯ ಹಿಂದೆ ಸೇರಿಕೊಂಡೆ. ನನ್ನ ಕೊಬ್ಬೆಲ್ಲ ಕರಗಿಹೋಗಿತ್ತು. ಏನು ಸೇರಿಸಿದೆ ಎಂದು ಅಮ್ಮ ಕೇಳಿದಳು. ಏನಿಲ್ಲ ಎಂದೆ.

ದಾದಿ ಗೌರಿಯನ್ನು ಒಂದು ಕೈಗೆ ಬದಲಿಸಿಕೊಂಡಳು. ಆಮೇಲೆ ಬಾಗಿನವನ್ನು ಅಕ್ಕನ ಕೈಯಿಂದ ಇಸಿದುಕೊಂಡು ಸೊಸೆಗೆ ಕೊಟ್ಟಳು. ಅಕ್ಕನ ತಲೆಯ ಮೇಲೆ ಸಿಂಬಿಯನ್ನು ಸರಿಮಾಡಿ, ಗೌರಿಯನ್ನು ಅದರ ಮೇಲಿಟ್ಟಳು.

"ನಡಿ, ಬಿಸಿಲೇರುತ್ತೆ," ಎಂದಳು. ಅಷ್ಟೇ.

ಅಕ್ಕ ನಡೆದಳು. ಕೋಟೆಯ ನಾಲ್ಕು ಬಾಗಿಲುಗಳನ್ನು ದಾಟಿ, ಜಾರುವ ಕಲ್ಲುಹಾಸಿನ ಮೇಲೆ ಇಳಿದು, ಬಜಾರಿನ ನಡುವೆ ಕೆರೆಯ ಕೆತ್ತನೆಯ ಹೆಬ್ಬಾಗಿಲವರೆಗೂ ಅವಳೇ ಹೊತ್ತಳು. ನೀರಿನ ನಡುವೆ ನಿಂತ ಕಲ್ಲಿನ ಮಂಟಪಗಳ ಮೇಲೆ ಜನ ಕಿಕ್ಕಿರಿದಿದ್ದರು. ಗೌರಿಯನ್ನು ಮುಳುಗಿಸಿದ ಮೇಲೆ ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತಳು. ದಾದಿ ಪಕ್ಕದಲ್ಲಿ ಕೂತು ಅವಳ ಒದ್ದೆ ಲಂಗದ ಅಂಚು ಹಿಂಡುತ್ತಿದ್ದಳು. ಗಂಡ ಬಂದನೇ ಎಂದು ನೀವು ಕೇಳುತ್ತೀರಿ. ಬರಲಿಲ್ಲ. ಮುಂದಿನ ವರ್ಷ ಅಪ್ಪನಿಗೆ ವರ್ಗವಾಯಿತು, ಅಕ್ಕ ಏನಾದಳೋ ನನಗೆ ತಿಳಿಯದು.

ಈಗ ಲಂಡನ್ನಿನ ರೇನರ್ಸ್ ಲೇನಿನ ಈ ಫ್ಲ್ಯಾಟಿನಲ್ಲಿ ಕೋಟೆಯೂ ಇಲ್ಲ, ಓಣಿಯೂ ಇಲ್ಲ. ಲಿಫ್ಟಿನಲ್ಲಿ ಸಿಕ್ಕವರು ಹಲೋ ಎಂದರೆ ಅದೇ ದೊಡ್ಡದು. ಗೌರಿಹಬ್ಬಕ್ಕೆ ಪಕ್ಕದ ಪಿನ್ನರಿನಲ್ಲಿ ಒಂದು ಹಾಲ್ ಬಾಡಿಗೆ ಹಿಡಿಯುತ್ತಾರೆ. ನಾಲ್ಕು ಗಂಟೆಗೆ ಪೂಜೆ, ಆರಕ್ಕೆ ಬೀಗ. ನಿಮ್ಮ ಅಮ್ಮ ನಿಮ್ಮ ಅಪ್ಪನನ್ನೂ ಗ್ರೀನ್‌ಫರ್ಡಿನ ಮನೆಯನ್ನೂ ಬಿಟ್ಟು ನಿಮ್ಮಿಬ್ಬರನ್ನು ಕರೆದುಕೊಂಡು ನನ್ನ ಹತ್ತಿರ ಬಂದ ಮೇಲೆ ಇದು ಮೊದಲ ಗೌರಿಹಬ್ಬ. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಮತ್ತೆ ಸೋಫಾದ ಮೇಲೆ ಕೂತುಬಿಟ್ಟಳು.

"ಬೇಡಮ್ಮ, ನೀವ್ ಹೋಗ್ಬನ್ನಿ. ಅವ್ರೆಲ್ಲಿ ಅಂತ ಎಲ್ರೂ ಕೇಳ್ತಾರೆ," ಎಂದಳು.

ಈ ಕಥೆ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ, ಚಿಕ್ಕವಳೇ, ನೀನು ಸೋಫಾದ ಕೆಳಗೆ ನಿನ್ನ ಇನ್ನೊಂದು ಶೂ ಹುಡುಕುತ್ತಿದ್ದವಳು ತಲೆ ಕೂಡ ಎತ್ತದೆ, "ಸೋ ವಾಟ್, ಮಮ್? ಲೆಟ್ ದೆಮ್ ಆಸ್ಕ್," ಎಂದೆ.

ನಿಮ್ಮ ಅಮ್ಮ ಎದ್ದು ಕಾರಿನ ಕೀ ತೆಗೆದುಕೊಂಡಳು. ನಾನು ತೆರೆದ ಬಾಯಿ ಮುಚ್ಚಿಕೊಂಡು ಅವಳ ಹಿಂದೆ ಲಿಫ್ಟಿಗೆ ನಡೆದೆ. ನನಗೆ ಬಹಳ ಹೆಮ್ಮೆಯಾಯಿತು. ನಿಜ ಹೇಳಬೇಕೆಂದರೆ, ಒಂದೇ ಮಾತಿಗೆ ಅವಳನ್ನು ಎಬ್ಬಿಸಿದ ನಿನ್ನ ಮೇಲೆ ಕೊಂಚ ಹೊಟ್ಟೆಕಿಚ್ಚೂ ಆಯಿತು.