ಕುಬೇರಪ್ಪನ ಮನಿ ಸೋರತೈತಿ

ನಾನು ಕುಬೇರಪ್ಪ. ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ಹೊರಗ ನಿಂತು ಖಾಸಗಿ ಬಸ್ಸಿಗೆ ಮಂದೀನ್ನ ಕೂಗಿ ಹತ್ತಿಸೋದು ನನ್ನ ಉದ್ಯೋಗ ಆಗಿತ್ತು. ದೇವರು ನನಗ ದನಿ ದೊಡ್ಡದು ಕೊಟ್ಟಾನ, ಉಳಿದದ್ದು ಕೊಡೋದು ಮರ್ತಾನ. ಒಮ್ಮೆ "ಧಾರವಾಡ, ಧಾರವಾಡ" ಅಂತ ಒದರೋ ಜೋರಿನ್ಯಾಗ, ಗದಗಿಗೆ ಹೋಗೋ ಮುದುಕಪ್ಪನ್ನ ಧಾರವಾಡದ ಬಸ್ಸಿಗೆ ಹತ್ತಿಸಿಬಿಟ್ಟಿದ್ನಿ. ಅಂವ ಸಂಜೀಕ ತಿರುಗಿ ಬಂದು ಬೈಲಿಲ್ಲ, ಧಾರವಾಡ ನೋಡಿದಂಗಾತು ಅಂದ. ಅದನ್ನೂ ನನ್ನ ಹೊಗಳಿಕಿ ಅಂತ ಊರತುಂಬ ಹೇಳ್ಕೊಂಡು ತಿರುಗಿದ್ನಿ.

ಮೊಣಕಾಲು ನೋಯಾಕ ಹತ್ತಿದ ಮ್ಯಾಲೆ ಕೆಲಸ ಬಿಟ್ಟು, ಧಾರವಾಡದ ಹತ್ರ ಇರೋ ನಮ್ಮ ಹಳ್ಳಿಗೆ ಬಂದು ಕುಂತೇನಿ. ಹೆಂಡತಿ ಮುರಿಗೆವ್ವ ಕೂಲಿಗೆ ಹೋಗ್ತಾಳ. ನಾನು ಕಟ್ಟಿ ಮ್ಯಾಲೆ ಕುಂತು ಊರಿನ ಕಾರಭಾರ ನೋಡ್ತೇನಿ.

ಈ ಸಲ ಮಳಿ ಹಿಡಿದ ವಾರ, ಧಾರವಾಡದ ಕಾಲೇಜಿನ ಹುಡುಗ ಹುಡುಗ್ಯಾರು ನಮ್ಮೂರಾಗ ಶಿಬಿರ ಹಾಕಿದ್ರು. ಬಡವರ ಮನಿ ದುರಸ್ತಿ ಮಾಡೋದು ಅವರ ಕೆಲಸ. ಒಡೆದ ಹಂಚು ತಗದು ಬ್ಯಾರೆ ಹಾಕೋದು, ಬಿದ್ದ ಗ್ವಾಡಿಗೆ ಮಣ್ಣು ಮೆತ್ತೋದು. ಸಾಲಿ ಅಂಗಳದಾಗ ಮೈಕ್ ಕಟ್ಟಿದ್ರು. ಪ್ರಸಾದ ಅನ್ನೋ ಹುಡುಗ ಬಂದು, "ಕಾಕಾ, ನಿಮ್ಮ ದನಿ ಛಲೋ ಐತಂತ್ರಿ. ಮಂದೀನ್ನ ನೀವ ಕರೀರಿ" ಅಂತ ಮೈಕ್ ಕೈಯಾಗ ಕೊಟ್ಟ.

ಅಷ್ಟ ಸಾಕಾತು ನನಗ. "ಮನಿ ಸೋರೋ ಬಡ ಬಂಧುಗಳು ನಾಚಿಕಿ ಬಿಟ್ಟು ಮುಂದ ಬರ್ರಿ" ಅಂತ ಒದರಿದ್ದ ಒದರಿದ್ದು.

ಖರೇ ಹೇಳ್ಬೇಕಂದ್ರ, ನಮ್ಮ ಓಣ್ಯಾಗ ಎಲ್ಲಾರಕಿಂತ ಜಾಸ್ತಿ ಸೋರ್ತಿದ್ದದ್ದು ನಮ್ಮ ಮನಿ. ಗ್ಯಾಸಿನ ಒಲಿ ಮ್ಯಾಲೆ ನೀರು ಬೀಳಬಾರದಂತ ಮುರಿಗೆವ್ವ ಜಂತಿಗೆ ಹಗ್ಗ ಕಟ್ಟಿ ಛತ್ರಿ ತೂಗು ಹಾಕಿದ್ಲು.

"ಮೈಕಿನ್ಯಾಗ ನಮ್ಮ ಹೆಸರೂ ಹೇಳ್ರಿ" ಅಂದ್ಲು.

"ನಾವೇನ್ ಬಡವರೇನು?" ಅಂತ ದಬಾಯಿಸಿದ್ನಿ.

ಆಕಿ ಬದನಿಕಾಯಿ ಹೆಚ್ಚೋದು ನಿಲ್ಲಿಸಿ ಛತ್ರಿ ನೋಡಿದ್ಲು, ನನ್ನನ್ನ ನೋಡಿದ್ಲು, ಮತ್ತ ಹೆಚ್ಚಾಕ ಹತ್ತಿದ್ಲು.

ಮರುದಿನ ಶಿಬಿರಕ್ಕ ಹಳೇ ಹುಬ್ಬಳ್ಳಿಯಿಂದ ಬಂದಿದ್ದ ಹುಮಾ ಅನ್ನೋ ಹುಡುಗಿ ಕುಡ್ಯಾಕ ನೀರು ಕೇಳ್ಕೊಂತ ಒಳಗ ಬಂದ್ಲು. "ಕಾಕಾ, ಮನ್ಯಾಗ ಛತ್ರಿ ಯಾಕ್ರಿ?"

"ಬಿಸಲಿಗೆ, ಮಗಳ" ಅಂದ್ನಿ. ಹೊರಗ ಮಳಿ ಧೋ ಅಂತ ಸುರಿಯಾಕತ್ತಿತ್ತು.

ಹುಮಾ ನಗಲಿಲ್ಲ. "ನಮ್ಮ ಮನಿನೂ ಸೋರ್ತಿತ್ರಿ. ಯಾರರ ಬಂದ್ರ ನಮ್ಮ ಅಬ್ಬಾ ಬಕೆಟ್ ತಗದು ಮಂಚದ ಬುಡಕ ಸರಸ್ತಿದ್ರು. ನೆಲಾ ಯಾಕ ಹಸಿ ಅಂತ ಕೇಳಿದ್ರ, ಈಗ ಒರಸೇವಿ ಅಂತಿದ್ರು."

ನನಗ ನಗು ಬಂತು. ನಕ್ರ ನಂದೂ ಒಪ್ಪಿಕೊಂಡಂಗ ಆಗ್ತೈತಂತ ಕೆಮ್ಮಿ ಮುಗಿಸಿದ್ನಿ.

ಮಧ್ಯಾಹ್ನ ಮಳಿ ನಿಂತಾಗ ಮೈಕ್ ಬಿಟ್ಟು ಚಾ ಕುಡ್ಯಾಕ ಹೋದ್ನಿ. ಕಪ್ಪು ಬಾಯಿಗೆ ಹಚ್ಚಿರಲಿಲ್ಲ, ಗಿಡದಾಗ ಕಟ್ಟಿದ್ದ ಸ್ಪೀಕರಿನ್ಯಾಗ ಹೆಣ್ಣುದನಿ ಬಂತು. "ಎಲ್ಲಾರಿಗೂ ಶರಣ್ರಿ. ನಾ ಮುರಿಗೆವ್ವ. ಕುಬೇರಪ್ಪನ ಮನಿ ಸೋರತೈತಿ. ಅವ್ರಿಗೆ ಹೇಳಾಕ ನಾಚಿಕಿ ಅಂತ. ಅದಕ್ಕ ನಾನ ಬಂದೇನಿ."

ಅಂಗಡ್ಯಾಗಿನ ಮಂದಿ ಎಲ್ಲಾ ನನ್ನ ಕಡೆ ನೋಡಿದ್ರು. ಎಲ್ಲಿ ಹೋಗಿ ಅಡಗಲಿ ಅನಿಸ್ತು. ಚಾದ ಅಂಗಡಿ ಬೀರವ್ವ ಮಾತ್ರ, "ಅದೇನ್ ಹೊಸಾ ಸುದ್ದಿ ಏನಪಾ, ಊರಿಗೆಲ್ಲಾ ಗೊತ್ತೈತಿ. ಚಾ ಆರತೈತಿ, ಕುಡಿ" ಅಂದ್ಲು. ಇಷ್ಟು ವರ್ಷ ನಾ ಮುಚ್ಚಿಟ್ಟದ್ದು ನನ್ನೊಬ್ಬನಿಗೇ ಗುಟ್ಟಾಗಿತ್ತು.

ಸಂಜಿ ಆಗೋದರೊಳಗ ಪ್ರಸಾದ ನಮ್ಮ ಮಾಡಿನ ಮ್ಯಾಲೆ ಹತ್ತಿದ್ದ. ನಿಚ್ಚಣಿಕಿ ಹಿಡಿಯೋ ಕೆಲಸ ನನಗ ಕೊಟ್ರು. ದನಿ ಬೇಕಿಲ್ಲದ ಕೆಲಸ ನಾ ಮಾಡಿದ್ದು ಅದ ಮೊದಲು. ಹಂಚು ತಗದಾಗ ಅಡಗಿಮನಿಯೊಳಗ ಬೆಳಕು ಬಿತ್ತು. ಗ್ವಾಡಿ ತುಂಬ ನೀರಿಳಿದ ಗೆರಿ, ಬೂಷ್ಟು. ಇದರಾಗ ನಿಂತು ಮುರಿಗೆವ್ವ ದಿನಾ ಮೊದಲನೇ ಬಿಸಿ ರೊಟ್ಟಿ ನನಗ ಹಾಕ್ಯಾಳ. ನಾನು ಕಟ್ಟಿ ಮ್ಯಾಲೆ ಮಾನ ಕಾಯ್ಕೊಂತ ಕುಂತಿದ್ನಿ. ಏನರ ಹೇಳಬೇಕು ಅನಿಸ್ತು. ಹುಮಾ ಕೇಳಿದಷ್ಟು ಹಂಚು ಎತ್ತಿ ಎತ್ತಿ ಕೊಟ್ನಿ.

ಶಿಬಿರ ಮುಗಿಸಿ ಹುಡುಗರು ಹೋದ್ರು. ಮುಂದಿನ ಮಳಿಗೆ ನಾನು ಅಡಗಿಮನ್ಯಾಗ ಕತ್ತು ಮ್ಯಾಲೆ ಮಾಡಿ, ಎಲ್ಲೆರ ಹನಿ ಬೀಳ್ತೈತೇನು ಅಂತ ಮೂಲಿ ಮೂಲಿ ತಿರುಗಿದ್ನಿ. ಒಂದ ಹನಿನೂ ಬೀಳ್ಲಿಲ್ಲ.

"ಕಾಲಾಗ ಕಾಲಾಗ ಬರಬ್ಯಾಡ್ರಿ, ಹೊರಗ ಹೋಗ್ರಿ" ಅಂದ್ಲು ಮುರಿಗೆವ್ವ.

ಪಡಸಾಲ್ಯಾಗ ಗಂಗಾಳ ಮುಂದಿಟ್ಟುಕೊಂಡು ಕುಂತ್ನಿ. ರೊಟ್ಟಿ ಬರಲಿಲ್ಲ. ಹಣಿಕಿ ನೋಡಿದ್ರ, ಆಕಿ ಒಲಿ ಮುಂದ ಆರಾಮ ಕುಂತು ಮೊದಲನೇ ರೊಟ್ಟಿ ತಾನ ತಿನ್ನಾಕತ್ತಿದ್ಲು.